ಇವತ್ತಿನ ಕೀರ್ತನೆ ಯಾವುದು ಅಂತ ನಾನು ಆರಿಸಲ್ಲ

ನಾನು ಹೋಗೋ ಆಂಗ್ಲಿಕನ್ ಚರ್ಚಿನ ಬೆಳಗಿನ ಪ್ರಾರ್ಥನೆಯಲ್ಲಿ ಪ್ರತಿ ತಿಂಗಳು 17ನೇ ತಾರೀಕು ಬೈಬಲಿನ 86, 87, 88 ಈ ಮೂರು ಕೀರ್ತನೆ ಓದ್ಬೇಕು. 88ನೇದು ಗೊತ್ತಿರೋರಿಗೆ ಗೊತ್ತು, 150 ಕೀರ್ತನೆಗಳಲ್ಲಿ ಅಷ್ಟು ಕತ್ತಲೆ ಇರೋದು ಇನ್ನೊಂದಿಲ್ಲ. ಬೇರೆ ಗೋಳಿನ ಕೀರ್ತನೆಗಳು ಎಷ್ಟೇ ಅತ್ರೂ ಕೊನೆಗೆ ಎಲ್ಲೋ ಒಂದ್ಕಡೆ ದೇವರ ಕಡೆ ಮುಖ ತಿರುಗಿಸಿ 'ಆದ್ರೂ ನಿನ್ನನ್ನೇ ನಂಬಿದ್ದೀನಿ' ಅನ್ನುತ್ವೆ, ಇದು ಹಾಗೆ ಅನ್ನಲ್ಲ, ನನ್ನ ಆಪ್ತರನ್ನೆಲ್ಲ ನೀನೇ ನನ್ನಿಂದ ದೂರ ಮಾಡ್ದೆ ಅಂತ ದೇವರಿಗೇ ಹೇಳಿ ಕತ್ತಲೆಯಲ್ಲೇ ಮುಗಿದ್ಹೋಗುತ್ತೆ. ಅವತ್ತು ನಿಮ್ಮ ಹುಟ್ಟಿದಬ್ಬ ಆಗಿರ್ಲಿ, ಮನೇಲಿ ಮದುವೆ ಇರ್ಲಿ, ಹೊರಗಡೆ ಚೆನ್ನಾಗಿ ಬಿಸಿಲು ಬಂದಿರ್ಲಿ, 17 ಅಂದ್ರೆ 88.

ಇಂಗ್ಲೆಂಡಿನ ಚರ್ಚಿನಿಂದ ಬೆಳೆದು ಬಂದ ಪರಂಪರೆಗೆ ಆಂಗ್ಲಿಕನ್ ಅಂತಾರೆ, ನಾನು ಹೇಳ್ತಿರೋದು ಆ ಚರ್ಚಿನ ದಿನನಿತ್ಯದ ಬೆಳಗಿನ ಪ್ರಾರ್ಥನೆ ಬಗ್ಗೆ. ಇಲ್ಲಿ ಇಂಗ್ಲೆಂಡಲ್ಲಿ ಮಾರ್ನಿಂಗ್ ಪ್ರೇಯರ್ ಅಂತಾರೆ, ವಯಸ್ಸಾದವರು ಮ್ಯಾಟಿನ್ಸ್ ಅಂತಾರೆ. ನಾನಿರೋದು ಒಂದು ಸಣ್ಣ ಊರಲ್ಲಿ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಆಸ್ಪತ್ರೆಗೂ ನನ್ನ ರೂಮಿಗೂ ಮಧ್ಯೆ ಒಂದು ಹಳೇ ಕಲ್ಲಿನ ಚರ್ಚ್ ಇದೆ, ವಾರದ ದಿನಗಳಲ್ಲಿ ಬೆಳಗ್ಗೆ ಎಂಟೂವರೆಗೆ ಅಲ್ಲಿ ಈ ಪ್ರಾರ್ಥನೆ ನಡೆಯುತ್ತೆ. ಬರೋದು ನಾಲ್ಕೈದು ಜನ. ದೊಡ್ಡ ಹಾಲ್ ಬಿಟ್ಟು ಪಕ್ಕದ ಚಿಕ್ಕ ಚಾಪೆಲ್‌ನಲ್ಲಿ ಎದುರುಬದುರು ಕೂತ್ಕೊಳ್ತೀವಿ, ಚಳಿಗಾಲದಲ್ಲಿ ಯಾರೂ ಕೋಟು ಬಿಚ್ಚಲ್ಲ.

ನಮ್ಮ ಮನೆಯವರು ಆಂಗ್ಲಿಕನ್ ಮೂಲದವರಲ್ಲ. ನಮ್ಮದು ಮೈಸೂರು ಕಡೆ ಸಿಎಸ್ಐ ಸಭೆ, ಆ ಕಡೆಯ ಕನ್ನಡ ಸಭೆಗಳು ಬಹುಪಾಲು ವೆಸ್ಲಿಯನ್, ಅಂದ್ರೆ ಮೆಥೊಡಿಸ್ಟ್, ಮಿಷನ್‌ನಿಂದ ಬೆಳೆದು ಬಂದಿದ್ದು. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಎಸ್‌ಐಯುಸಿಯವರು (ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಮುಂಚೇನೇ ಸೇರಿ ಆಗಿದ್ದ ಚರ್ಚು) ಎಲ್ಲ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಅಂತ ಒಂದಾದ್ರಲ್ಲ, ಅದಾಗಿ ಎಷ್ಟೋ ವರ್ಷದ ಮೇಲೆ ಕಾಗದದ ಮೇಲೆ ನಾವೂ ಆಂಗ್ಲಿಕನ್ ಕುಟುಂಬದ ಒಳಗೆ ಬಂದ್ವಿ. ಆದ್ರೆ ಆಂಗ್ಲಿಕನ್ ಅಂದ್ರೆ ನಮ್ಮ ಕಣ್ಮುಂದೆ ಬರ್ತಿದ್ದಿದ್ದು ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೀಡ್ರಲ್ ಥರದ ಕಂಟೋನ್ಮೆಂಟ್ ಚರ್ಚುಗಳು, ಇಂಗ್ಲಿಷ್ ಸರ್ವೀಸು. ನಮ್ಮನೇಲಿ ಇದ್ದಿದ್ದು ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ, ಒಂದು ಹಾಡು, ಒಂದು ವಾಕ್ಯಭಾಗ, ಆಮೇಲೆ ಅಪ್ಪ ಕಣ್ಮುಚ್ಚಿ ತಮ್ಮದೇ ಮಾತಲ್ಲಿ ಪ್ರಾರ್ಥನೆ ಮಾಡೋರು. ಪುಸ್ತಕ ನೋಡ್ಕೊಂಡು ಪ್ರಾರ್ಥನೆ ಓದೋದು ಅಂದ್ರೆ ಅಪ್ಪಂಗೆ ಅಷ್ಟಕ್ಕಷ್ಟೆ.

ನಂಗೆ ಈ ಬೆಳಗಿನ ಪ್ರಾರ್ಥನೆ ಪರಿಚಯ ಆಗಿದ್ದು ಮೈಸೂರಲ್ಲಿ, ಅದೂ ಮಧ್ಯಾಹ್ನದ ಹೊತ್ತಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಇಂಗ್ಲೆಂಡಿನ ಚರ್ಚುಗಳೆಲ್ಲ ಬಾಗಿಲು ಹಾಕಿದಾಗ ಕ್ಯಾಂಟರ್‌ಬರಿ ಕೆಥೀಡ್ರಲ್‌ನ ಡೀನ್, ಅಂದ್ರೆ ಅಲ್ಲಿನ ಮುಖ್ಯ ಪಾದ್ರಿ, ಆಗಿದ್ದ ರಾಬರ್ಟ್ ವಿಲ್ಲಿಸ್ ಅವರು ತಮ್ಮ ಮನೆ ತೋಟದಲ್ಲಿ ಒಂದು ಕುರ್ಚಿ ಹಾಕ್ಕೊಂಡು ದಿನಾ ಬೆಳಗಿನ ಪ್ರಾರ್ಥನೆ ನಡೆಸಿ ವಿಡಿಯೋ ಹಾಕೋಕೆ ಶುರು ಮಾಡಿದ್ರು. ಇಲ್ಲಿನ ಬೆಳಗ್ಗೆ ಅಂದ್ರೆ ನಮ್ಮ ಊಟದ ಹೊತ್ತು. ಬಹಳ ಜನಕ್ಕೆ ಅವರು ಗೊತ್ತಾಗಿದ್ದು ಬೆಕ್ಕುಗಳಿಂದ. ಲಿಯೋ ಅನ್ನೋ ಬೆಕ್ಕು ಅವರು ಮಾತಾಡ್ತಿರೋವಾಗ್ಲೇ ಅವರ ನಿಲುವಂಗಿ ಒಳಗೆ ನುಗ್ಗಿ ಮಾಯ ಆಯ್ತು, ಟೈಗರ್ ಅನ್ನೋದು ಟೀಗೆ ಇಟ್ಟಿದ್ದ ಹಾಲಿನ ಜಗ್ಗಿಗೇ ಪಂಜ ಅದ್ದಿ ನೆಕ್ಕಿತು, ಅವರು ಮಾತು ನಿಲ್ಲಿಸ್ಲಿಲ್ಲ. ಕೋಳಿ, ಹಂದಿ ಎಲ್ಲ ಇದ್ವು ಆ ತೋಟದಲ್ಲಿ. ಜನ ಆ ವಿಡಿಯೋ ನೋಡಿ ನಕ್ಕು ಮುಂದೆ ಹೋದ್ರು, ಕೆಲವರು ಮಾತ್ರ ಮಾರನೇ ದಿನವೂ ಬಂದ್ರು, ಅದರ ಮಾರನೇ ದಿನವೂ ಬಂದ್ರು, ಹಾಗೆ ಬಂದವರಲ್ಲಿ ನಾನೂ ಒಬ್ಬಳು. 2022ರ ಮೇನಲ್ಲಿ ನಿವೃತ್ತಿ ಆಗೋವರೆಗೂ ಅವರು ನಡೆಸಿದ್ರು, 2024ರ ಅಕ್ಟೋಬರ್‌ನಲ್ಲಿ ತೀರ್ಕೊಂಡ್ರು. ನಂಗೆ ಅವರಲ್ಲಿ ಇಷ್ಟ ಆಗಿದ್ದು ಏನಂದ್ರೆ ಲೋಕವೆಲ್ಲ ಗಾಬರಿಯಲ್ಲಿದ್ದಾಗ ಅವರು ಗಾಬರಿಗೆ ಅಂತ ವಿಶೇಷ ಕೀರ್ತನೆ ಹುಡುಕ್ತಿರ್ಲಿಲ್ಲ, ಆ ದಿನಕ್ಕೆ ಏನು ನೇಮಕ ಆಗಿದ್ಯೋ ಅದನ್ನೇ ಓದೋರು.

ಇಲ್ಲಿ ನಮ್ಮ ಚರ್ಚಲ್ಲಿ ಬಳಸೋದು 1662ರ ಹಳೇ ಬುಕ್ ಆಫ್ ಕಾಮನ್ ಪ್ರೇಯರ್, ಆಂಗ್ಲಿಕನ್ನರ ಪ್ರಾರ್ಥನಾ ಪುಸ್ತಕ. ಈಗ ಎಷ್ಟೋ ಕಡೆ 2005ರಲ್ಲಿ ಬಂದ ಹೊಸ ಡೈಲಿ ಪ್ರೇಯರ್ ಪುಸ್ತಕ ಇದೆ, ಅದರದ್ದೇ ಆಪ್ ಕೂಡ ಇದೆ, ಬಸ್ಸಲ್ಲಿ ಓದೋಕೆ ಅದು ಅನುಕೂಲ. ಹಳೇದ್ರಲ್ಲಿ ಮೊದಲು ಪಾಪದ ಅರಿಕೆ, ದಾರಿ ತಪ್ಪಿದ ಕುರಿಗಳ ಹಾಗೆ ಅಲೆದ್ವಿ, ಮಾಡಬೇಕಾದ್ದನ್ನ ಮಾಡದೆ ಬಿಟ್ವಿ, ಮಾಡಬಾರದ್ದನ್ನ ಮಾಡಿದ್ವಿ ಅಂತ. ಮಾಡದೇ ಬಿಟ್ಟಿದ್ದು ಮೊದಲು ಬರುತ್ತೆ, ಮಾಡಿದ್ದು ಆಮೇಲೆ, ಈ ಕ್ರಮ ನಂಗೆ ಬಹಳ ಸರಿ ಅನ್ಸುತ್ತೆ. ಆಮೇಲೆ ಕರ್ತನ ಪ್ರಾರ್ಥನೆ. ಆಮೇಲೆ 'ಕರ್ತನೇ, ನಮ್ಮ ತುಟಿಗಳನ್ನು ತೆರೆ' ಅಂತ ನಡೆಸೋರು ಹೇಳ್ತಾರೆ, 'ಆಗ ನಮ್ಮ ಬಾಯಿ ನಿನ್ನನ್ನು ಸ್ತುತಿಸುವುದು' ಅಂತ ನಾವು ಹೇಳ್ತೀವಿ, ಇದು 51ನೇ ಕೀರ್ತನೆಯಿಂದ ತಗೊಂಡಿದ್ದು. ಅಲ್ಲಿಂದ 95ನೇ ಕೀರ್ತನೆ, ಅದು ಹೆಚ್ಚುಕಮ್ಮಿ ದಿನಾ ಇರುತ್ತೆ, ಆಮೇಲೆ ಆ ತಾರೀಕಿನ ಕೀರ್ತನೆಗಳು, ಹಳೇ ಒಡಂಬಡಿಕೆಯಿಂದ ಒಂದು ಪಾಠ, ಟೆ ಡೆಯುಮ್ ಅನ್ನೋ ಪ್ರಾಚೀನ ಸ್ತೋತ್ರ, ಹೊಸ ಒಡಂಬಡಿಕೆಯಿಂದ ಒಂದು ಪಾಠ, ಲೂಕನ ಸುವಾರ್ತೆಯ ಜಕರೀಯನ ಹಾಡು, ವಿಶ್ವಾಸ ಪ್ರಮಾಣ, ಕೊನೆಗೆ ಪ್ರಾರ್ಥನೆಗಳು. ಅರ್ಧ ಗಂಟೆ ಒಳಗೆ ಮುಗಿಯುತ್ತೆ. ಪ್ರಸಂಗ ಇಲ್ಲ, ಕಾಣಿಕೆ ತಟ್ಟೆ ಇಲ್ಲ, ಆರ್ಗನ್ ಇಲ್ಲ.

ಕೀರ್ತನೆ ಓದೋ ರೀತಿ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಇಡೀ ಪ್ರಾರ್ಥನೆಯ ಜೀವ ಇರೋದು ಅಲ್ಲೇ ಅಂತ ನಂಗನ್ಸುತ್ತೆ. ಒಂದು ವಚನ ಈ ಸಾಲಿನವರು, ಮುಂದಿನ ವಚನ ಎದುರು ಸಾಲಿನವರು. ಪ್ರತಿ ವಚನದ ಮಧ್ಯೆ ಪುಸ್ತಕದಲ್ಲಿ ಎರಡು ಚುಕ್ಕಿ ಇರುತ್ತೆ, ಅಲ್ಲಿ ನಿಲ್ಬೇಕು. ಬರೀ ಉಸಿರು ತಗೊಳ್ಳೋಷ್ಟಲ್ಲ, ಅದಕ್ಕಿಂತ ಜಾಸ್ತಿ, ಹೊಸಬರಿಗೆ ಏನೋ ಮರೆತ್ಹೋಗಿರ್ಬೇಕು ಅನ್ಸೋಷ್ಟು. ವಚನದ ಕೊನೇಲಿ ಮಾತ್ರ ನಿಲ್ಲೋ ಹಾಗಿಲ್ಲ, ಆ ಕಡೆಯವರು ಮುಗಿಸ್ತಿದ್ದ ಹಾಗೇ ಈ ಕಡೆಯವರು ಎತ್ಕೋಬೇಕು. ಅಂದ್ರೆ ನಾವು ಸಾಮಾನ್ಯವಾಗಿ ಎಲ್ಲಿ ನಿಲ್ತೀವೋ ಅಲ್ಲಿ ನಿಲ್ಲಲ್ಲ, ಎಲ್ಲಿ ನಿಲ್ಲಲ್ವೋ ಅಲ್ಲಿ ನಿಲ್ತೀವಿ. ಯಾರು ಹೊಸದಾಗಿ ಬಂದ್ರೂ ಆ ಮೌನದೊಳಗೆ ಅವರ ದನಿ ಒಂದೇ ಮುಂದೆ ಓಡುತ್ತೆ, ಯಾರೂ ತಿರುಗಿ ನೋಡಲ್ಲ, ವಾರದೊಳಗೆ ಅವರ ಉಸಿರೂ ಎಲ್ಲರ ಉಸಿರಿನ ಜೊತೆ ಸೇರ್ಕೊಳ್ಳುತ್ತೆ. ನನ್ನ ಎದುರು ಸಾಲಲ್ಲಿ ಕೂರೋ ಅಜ್ಜ ಒಬ್ಬರಿದ್ದಾರೆ, ನಂಗೂ ಅವರಿಗೂ ಹವಾಮಾನ ಬಿಟ್ಟು ಬೇರೆ ಮಾತು ನಡೆದಿಲ್ಲ, ಆದ್ರೆ ಅವರು ಉಸಿರು ಎಳ್ಕೊಳ್ಳೋ ಸದ್ದು ನಂಗೆ ಚೆನ್ನಾಗಿ ಗೊತ್ತು, ಅವತ್ತು ಅವರಿಗೆ ಎದೆ ಕಟ್ಟಿದ್ಯೋ ಇಲ್ವೋ ಅಂತ ಮೊದಲನೇ ಕೀರ್ತನೆಯಲ್ಲೇ ತಿಳಿಯುತ್ತೆ.

ಈ ಇಡೀ ಏರ್ಪಾಡಿನ ಹಿಂದೆ ಇದ್ದವರು ಥಾಮಸ್ ಕ್ರ್ಯಾನ್ಮರ್, ಹದಿನಾರನೇ ಶತಮಾನದಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದವರು. ಅವರಿಗಿಂತ ಮುಂಚೆ ಈ ದಿನನಿತ್ಯದ ಪ್ರಾರ್ಥನೆ ಮಠದ ಸನ್ಯಾಸಿಗಳ ಮತ್ತೆ ಪಾದ್ರಿಗಳ ಕೆಲಸ, ನಡುರಾತ್ರಿಯಿಂದ ಹಿಡಿದು ಮಲಗೋವರೆಗೆ ಹಲವು ಹೊತ್ತು, ಎಲ್ಲಾ ಲ್ಯಾಟಿನ್‌ನಲ್ಲಿ. ಹೊಲದಲ್ಲಿ ದುಡಿಯೋನಿಗೆ ಅದು ಎಟುಕೋ ಮಾತೇ ಅಲ್ಲ. ಕ್ರ್ಯಾನ್ಮರ್ 1549ರಲ್ಲಿ ಬಂದ ಮೊದಲ ಬುಕ್ ಆಫ್ ಕಾಮನ್ ಪ್ರೇಯರ್‌ನಲ್ಲಿ ಅದನ್ನೆಲ್ಲ ಒಟ್ಟುಮಾಡಿ ಬೆಳಗ್ಗೆ ಒಂದು, ಸಂಜೆ ಒಂದು ಅಂತ ಎರಡಕ್ಕೆ ಇಳಿಸಿದ್ರು, ಇಂಗ್ಲಿಷಿನಲ್ಲಿ. ಆ ಪುಸ್ತಕದ ಮುನ್ನುಡಿಯಲ್ಲಿ ಒಂದು ದೂರಿದೆ, ಹಳೇ ಪದ್ಧತಿಯ ನಿಯಮಗಳು ಎಷ್ಟು ಜಟಿಲ ಅಂದ್ರೆ ಏನು ಓದ್ಬೇಕು ಅಂತ ಹುಡುಕೋದೇ ಓದೋದಕ್ಕಿಂತ ದೊಡ್ಡ ಕೆಲಸ ಆಗ್ಬಿಟ್ಟಿದೆ ಅಂತ. ಅದಕ್ಕೆ ಅವರು 150 ಕೀರ್ತನೆಗಳನ್ನ ನೇರವಾಗಿ ತಾರೀಕಿಗೆ ಹೊಂದಿಸಿ ಮೂವತ್ತು ದಿನಕ್ಕೆ ಹಂಚಿಬಿಟ್ರು. ಹಳೇ ಒಡಂಬಡಿಕೆಯ ಹೆಚ್ಚಿನ ಭಾಗ ವರ್ಷಕ್ಕೊಂದ್ಸಲ, ಹೊಸ ಒಡಂಬಡಿಕೆ, ಪ್ರಕಟಣೆ ಪುಸ್ತಕ ಒಂದನ್ನ ಬಿಟ್ಟು, ವರ್ಷಕ್ಕೆ ಮೂರು ಸಲ. ತಾರೀಕು ಗೊತ್ತಿದ್ರೆ ಸಾಕು, ಕೀರ್ತನೆ ಯಾವುದು ಅಂತ ಯಾರನ್ನೂ ಕೇಳ್ಬೇಕಾಗಿಲ್ಲ. ಜೊತೆಗೆ ಊರಿನ ಪಾದ್ರಿ ದಿನಾ ಚರ್ಚಲ್ಲೇ ಇದನ್ನ ಹೇಳ್ಬೇಕು, ಶುರು ಮಾಡೋ ಮುಂಚೆ ಗಂಟೆ ಹೊಡೆಸ್ಬೇಕು, ಜನ ಬರೋಕೆ ಆಗ್ಲಿ ಅಂತ, ಹೀಗೂ 1662ರ ಪುಸ್ತಕದಲ್ಲಿ ಬರೆದಿದೆ. ಕಾಯಿಲೆ ಅಥವಾ ಬೇರೆ ತುರ್ತು ಕಾರಣ ಇದ್ರೆ ಬಿಟ್ಟು ಪಾದ್ರಿಗಳಿಗೆ ದಿನಕ್ಕೆರಡು ಸಲದ ಈ ಪ್ರಾರ್ಥನೆ ಇವತ್ತಿಗೂ ಕಡ್ಡಾಯ. ನಮ್ಮ ಚರ್ಚಲ್ಲಿ ಇನ್ನೂ ಗಂಟೆ ಹೊಡೀತಾರೆ, ಇಲ್ಲಿನ ಪ್ರೀಸ್ಟ್ ಒಬ್ಬ ಹೆಂಗಸು, ಅವರೇ ಬಂದು ಹಗ್ಗ ಎಳೆದು ಆಮೇಲೆ ಒಳಗೆ ಬಂದು ಕೂರ್ತಾರೆ. ಬರೋರು ನಾಲ್ಕೇ ಜನ ಅಂತ ಗೊತ್ತಿದ್ರೂ ಇಡೀ ಊರಿಗೆ ಕೇಳೋ ಹಾಗೆ ಹೊಡೀತಾರೆ.

ಇದರ ಇನ್ನೊಂದು ಮುಖಾನೂ ಹೇಳ್ದೆ ಇರೋಕಾಗಲ್ಲ. ಜನರ ಭಾಷೆಯಲ್ಲಿ ಪ್ರಾರ್ಥನೆ ಇರ್ಲಿ ಅಂತ ಬಂದ ಈ ಪುಸ್ತಕಾನ ಜನರ ಮೇಲೆ ಕಾನೂನಿಂದ ಹೇರಿದ್ರು. 1549ರಲ್ಲೇ ಡೆವನ್ ಮತ್ತು ಕಾರ್ನ್‌ವಾಲ್ ಸೀಮೆಯ ಜನ ದಂಗೆ ಎದ್ರು. ಅವರಿಗೆ ಹಳೇ ಪೂಜೆಯೇ ಬೇಕಿತ್ತು, ಮತ್ತೆ ಕಾರ್ನ್‌ವಾಲ್‌ನವರು ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರಲ್ಲ ಅಂತ ಸ್ಪಷ್ಟವಾಗಿ ಬರೆದು ತಿಳಿಸಿದ್ರು. ಅವರ ಮನೆಮಾತು ಕಾರ್ನಿಷ್. ಸೈನ್ಯ ಕಳಿಸಿ ತುಳಿದ್ಹಾಕಿದ್ರು, ಸಾವಿರಾರು ಜನ ಸತ್ರು. ವೇಲ್ಸ್‌ನವರಿಗೆ 1567ರಲ್ಲಿ ವೆಲ್ಷ್ ಭಾಷೆಯಲ್ಲಿ ಪ್ರಾರ್ಥನಾ ಪುಸ್ತಕ ಸಿಕ್ತು, ಆ ಭಾಷೆ ಇವತ್ತೂ ಜೀವಂತವಾಗಿದೆ, ಕಾರ್ನಿಷ್‌ಗೆ ಆ ಭಾಗ್ಯ ಬರ್ಲಿಲ್ಲ. ಕನ್ನಡದಲ್ಲಿ ಬೈಬಲ್ ಓದ್ಕೊಂಡು ಬೆಳೆದ ನಂಗೆ ಇದು ಸಣ್ಣ ವಿಷಯ ಅನ್ಸಲ್ಲ. ಕ್ರ್ಯಾನ್ಮರ್‌ಗೂ ಒಳ್ಳೇ ಸಾವು ಬರ್ಲಿಲ್ಲ, ಕ್ಯಾಥೊಲಿಕ್ ರಾಣಿ ಮೇರಿ ಕಾಲದಲ್ಲಿ 1556ರ ಮಾರ್ಚ್ 21ಕ್ಕೆ ಆಕ್ಸ್‌ಫರ್ಡ್‌ನಲ್ಲಿ ಅವರನ್ನ ಜೀವಂತ ಸುಟ್ರು. ಆಮೇಲೆ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೀತಿದ್ದಾಗ 1645ರಲ್ಲಿ ಪಾರ್ಲಿಮೆಂಟು ಈ ಪುಸ್ತಕವನ್ನೇ ನಿಷೇಧ ಮಾಡ್ತು, ದೇಶ ಬಿಟ್ಟಿದ್ದ ರಾಜ ಎರಡನೇ ಚಾರ್ಲ್ಸ್ ವಾಪಸ್ ಬಂದ್ಮೇಲೆ 1662ರಲ್ಲಿ ಮತ್ತೆ ಬಂತು. ಅಷ್ಟೆಲ್ಲ ರಕ್ತ, ಬೆಂಕಿ ದಾಟಿ ಬಂದ ಮಾತುಗಳು ಅನ್ನೋ ನೆನಪಿಟ್ಕೊಂಡೇ ನಾನು ಓದ್ತೀನಿ.

ನೈಟ್ ಡ್ಯೂಟಿ ಮುಗಿಸಿ ಬಂದ ದಿನಗಳಲ್ಲಿ ನಂಗೆ ಅತಿ ಹತ್ತಿರ ಅನ್ಸೋದು ಕೊನೇಲಿ ಬರೋ ಕೃಪೆಗಾಗಿ ಪ್ರಾರ್ಥನೆ. 'ಈ ದಿನದ ಆರಂಭದ ತನಕ ನಮ್ಮನ್ನ ಸುರಕ್ಷಿತವಾಗಿ ಕರ್ಕೊಂಡು ಬಂದ ದೇವರೇ' ಅಂತ ಶುರು ಆಗುತ್ತೆ ಅದು. ರಾತ್ರಿ ಚೆನ್ನಾಗಿ ಮಲಗೆದ್ದವರಿಗೆ ಇದು ಸುಮ್ನೆ ಒಂದು ವಾಕ್ಯ ಅನ್ನಿಸ್ಬಹುದು. ರಾತ್ರಿ ಪೂರ್ತಿ ವಾರ್ಡಲ್ಲಿ ಇದ್ದವರಿಗೆ ಹಾಗಲ್ಲ. ಬೆಳಗಿನ ಜಾವ ಮೂರರಿಂದ ಐದರ ಹೊತ್ತು ಯಾವ ನರ್ಸ್‌ನ ಬೇಕಾದ್ರೂ ಕೇಳಿ, ಉಸಿರಾಟ ಬದಲಾಗೋದು, ಬಿಪಿ ಇಳಿಯೋದು, ಮನೆಯವರಿಗೆ ಫೋನ್ ಮಾಡ್ಬೇಕಾಗೋದು ಎಲ್ಲ ಆ ಹೊತ್ತಲ್ಲೇ ಅಂತ ನಮಗೆಲ್ಲ ಅನ್ಸುತ್ತೆ. ಎಲ್ಲರೂ ಬೆಳಗಿನ ತನಕ ಬರಲ್ಲ. ಹ್ಯಾಂಡೋವರ್ ಕೊಟ್ಟು, ಕೈ ತೊಳ್ಕೊಂಡು, ಆ ಚಾಪೆಲ್‌ನಲ್ಲಿ ಬಂದು ಕೂತು, ಬೆಳಗಿನ ತನಕ ಕರ್ಕೊಂಡು ಬಂದ್ಯಲ್ಲ ಅನ್ನೋ ಮಾತನ್ನ ಕೇಳಿದಾಗ, ಅದು ದಾಟಿದವರ ಪರವಾಗಿ ಥ್ಯಾಂಕ್ಸು, ದಾಟದೇ ಹೋದವರ ಹೆಸರು ಮನಸ್ಸಲ್ಲೇ ಇರುತ್ತೆ.

ಪುಸ್ತಕದ ಪ್ರಾರ್ಥನೆ ಮೇಲೆ ನಮ್ಮ ಕಡೆ ಒಂದು ಆಕ್ಷೇಪಣೆ ಯಾವಾಗ್ಲೂ ಇದೆ, ಅಪ್ಪಂದೂ ಅದೇ ಆಗಿತ್ತು. ದೇವರ ಹತ್ರ ಮಾತಾಡೋಕೆ ಬೇರೆಯವರ ಮಾತು ಯಾಕೆ, ಮನಸ್ಸಲ್ಲಿ ಇರೋದನ್ನ ಹೇಳು, ಇಲ್ಲ ಅಂದ್ರೆ ಅದು ಬಾಯಿಪಾಠ ಅಂತ. ನಾನು ಆ ಪ್ರಾರ್ಥನೆಗಳಲ್ಲೇ ಬೆಳೆದವಳು, ಅಪ್ಪ ನನ್ನ ಹೆಸರು ಹಿಡಿದು ಮಾಡ್ತಿದ್ದ ಪ್ರಾರ್ಥನೆ ನನ್ನನ್ನ ಎಷ್ಟು ಕಾಪಾಡಿದೆ ಅಂತ ನಂಗೊಬ್ಬಳಿಗೇ ಗೊತ್ತು. ಅದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಮನಸ್ಸಲ್ಲಿ ಏನೂ ಇಲ್ಲದ ದಿನ ಬರುತ್ತೆ. ಅಥವಾ ಇರೋದನ್ನ ಹೇಳೋಕೆ ಬಾಯೇ ಬರದಿರೋ ದಿನ. ಅಪ್ಪ ತೀರ್ಕೊಂಡ ಸುದ್ದಿ ನಂಗೆ ಬಂದಿದ್ದು ಒಂದು 20ನೇ ತಾರೀಕು ರಾತ್ರಿ, ಫ್ಲೈಟ್ ಇದ್ದಿದ್ದು ಮಾರನೇ ದಿನ ಮಧ್ಯಾಹ್ನ. ಬೆಳಗ್ಗೆ ಎಂಟೂವರೆಗೆ ಹೋಗಿ ಕೂತೆ, ಬೇರೆ ಎಲ್ಲಿ ಹೋಗೋದು ಅಂತ ತಿಳೀಲಿಲ್ಲ. 21ನೇ ತಾರೀಕಿನ ಬೆಳಗಿಗೆ ನೇಮಕ ಆಗಿರೋದು 105ನೇ ಕೀರ್ತನೆ. ಅದರಲ್ಲಿ ಸಾವಿನ ದುಃಖದ ವಿಷಯ ಇಲ್ಲ, ಸಮಾಧಾನದ ಮಾತೂ ಇಲ್ಲ. ಅಬ್ರಹಾಮನಿಗೆ ಕೊಟ್ಟ ಮಾತು, ಯೋಸೇಫನ ಕಾಲಿಗೆ ಬೇಡಿ, ಐಗುಪ್ತದಲ್ಲಿ ಕಪ್ಪೆ, ನೊಣ, ಆಲಿಕಲ್ಲು, ಮಿಡತೆ, ನಲವತ್ತಕ್ಕೂ ಹೆಚ್ಚು ವಚನ ಬರೀ ಹಳೇ ಕಥೆ. ಒಂದು ವಚನ ನಾವು, ಒಂದು ವಚನ ಅವರು. ಅವತ್ತು ಯಾರಾದ್ರೂ ನನ್ನನ್ನ ಸಂತೈಸೋಕೆ ಅಂತಲೇ ಒಂದು ಕೀರ್ತನೆ ಆರಿಸಿ ಓದಿದ್ರೆ ನಾನು ಅಲ್ಲಿ ಕೂರ್ತಿರ್ಲಿಲ್ಲ ಅನ್ಸುತ್ತೆ. ಸಾವಾದ ಮನೇಲಿ ಒಲೆ ಹಚ್ಚಲ್ಲ, ಅಕ್ಕಪಕ್ಕದವರು ಅವತ್ತು ತಮ್ಮನೇಲಿ ಏನು ಮಾಡಿದ್ರೋ ಅದನ್ನೇ ತಂದು ಬಡಿಸ್ತಾರಲ್ಲ, ಹಾಗೆ ಇತ್ತು ಅದು. ಯೋಸೇಫನ ಬೇಡಿ ಕಳಚಿದ ವಚನ ಬಂದಿದ್ದು ನಮ್ಮ ಸಾಲಿಗೆ. ಹೇಳ್ದೆ.

ಕೀರ್ತನೆಗಳಾದ್ಮೇಲೆ ಕೊನೇಲಿ ಹೆಸರುಗಳ ಪಟ್ಟಿ ಓದ್ತಾರೆ. ಕಾಯಿಲೆ ಬಿದ್ದವರು, ಹಿಂದೆ ಯಾವುದೋ ವರ್ಷ ಇದೇ ತಾರೀಕು ತೀರ್ಕೊಂಡವರು, ಆಮೇಲೆ ಊರಿನ ಒಂದು ಬೀದಿ. ದಿನಕ್ಕೊಂದು ಬೀದಿ ಸರದಿ ಪ್ರಕಾರ, ಆ ಬೀದೀಲಿ ಇರೋರು ಚರ್ಚಿಗೆ ಬರ್ಲಿ ಬಿಡ್ಲಿ. ನನ್ನ ಬೀದಿ ಹೆಸರು ಬಂದ ದಿನ ನಮ್ಮ ಕೆಳಗಿನ ಮನೆಯ ಟರ್ಕಿಯ ಕುಟುಂಬ, ಎದುರಿನ ಮನೆಯ ಒಂಟಿ ಮುದುಕಿ, ಯಾವಾಗ್ಲೂ ಸಿಟ್ಟಲ್ಲೇ ಬಾಗಿಲು ಹಾಕೋ ಹುಡುಗ ಎಲ್ಲರೂ ನೆನಪಾದ್ರು. ಅವರ್ಯಾರಿಗೂ ಗೊತ್ತಿಲ್ಲ ತಮಗಾಗಿ ಯಾರೋ ಬೇಡ್ಕೊಂಡ್ರು ಅಂತ. ಇನ್ನೊಂದು ಪಟ್ಟಿ ಜಗತ್ತಿನ ಆಂಗ್ಲಿಕನ್ ಡಯೋಸಿಸ್‌ಗಳದ್ದು (ಒಬ್ಬೊಬ್ಬ ಬಿಷಪ್ ನೋಡ್ಕೊಳ್ಳೋ ಪ್ರಾಂತಗಳು), ಅದೂ ಸರದಿ ಪ್ರಕಾರ. ಸಿಎಸ್ಐ ಆ ಕುಟುಂಬದಲ್ಲಿ ಇರೋದ್ರಿಂದ ನಮ್ಮ ಡಯೋಸಿಸ್‌ಗಳೂ ಬರುತ್ವೆ. ಕರ್ನಾಟಕ ಸೆಂಟ್ರಲ್ ಅಂತ ಆ ಇಂಗ್ಲಿಷ್ ನಾಲಗೆಯಲ್ಲಿ ಕೇಳಿದ ದಿನ ನಾನು ಆಮೆನ್ ಸ್ವಲ್ಪ ಜೋರಾಗೇ ಹೇಳ್ದೆ. ಇಲ್ಲಿ ಯಾರಿಗೂ ಬೆಂಗಳೂರಿನ ನಮ್ಮ ಜನರ ಮುಖ ಗೊತ್ತಿಲ್ಲ, ಅಲ್ಲಿಯವರಿಗೆ ಈ ಊರಿನ ಹೆಸರೂ ಗೊತ್ತಿಲ್ಲ.

ಕಷ್ಟದ ಕೀರ್ತನೆಗಳೂ ಇವೆ, ಅದನ್ನ ಮುಚ್ಚಿಡೋದು ಸರಿಯಲ್ಲ. 11ನೇ ತಾರೀಕು ಬೆಳಗ್ಗೆ 58 ಬರುತ್ತೆ, ದೇವರೇ ಅವರ ಬಾಯಲ್ಲಿರೋ ಹಲ್ಲು ಮುರಿ ಅಂತ. 28ರ ಸಂಜೆ 137, ಬಾಬೆಲಿನ ನದಿಗಳ ಹತ್ತಿರ ಕೂತು ಅತ್ತಿದ್ದು, ಎಲ್ಲರಿಗೂ ಇಷ್ಟವಾದ್ದು, ಅದರ ಕೊನೇ ವಚನ ಮಾತ್ರ ಶತ್ರುಗಳ ಕೂಸುಗಳ ಬಗ್ಗೆ, ಬಾಯಲ್ಲಿ ಹೇಳೋಕೆ ಆಗದಂಥದ್ದು. ಇಪ್ಪತ್ತನೇ ಶತಮಾನದ ಕೆಲವು ಪುಸ್ತಕಗಳು ಅಂಥ ವಚನಗಳಿಗೆ ಬ್ರಾಕೆಟ್ ಹಾಕಿದ್ವು, ಬೇಕಾದ್ರೆ ಬಿಡಬಹುದು ಅಂತ. ನಂಗೆ ಬಿಡಬಾರದು ಅನ್ಸುತ್ತೆ. ಎಮರ್ಜೆನ್ಸಿ ವಾರ್ಡಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಮಗನ್ನ ಕಳ್ಕೊಂಡ ತಾಯಿ ಬಾಯಲ್ಲಿ ಎಂಥೆಂಥ ಶಾಪ ಬರುತ್ತೆ ಅಂತ. ಆ ಶಾಪಾನೂ ದೇವರ ಮುಂದೆ ಹೇಳಿಬಿಡೋಕೆ ಒಂದು ಜಾಗ ಇರ್ಬೇಕು, ಕೈಗೆ ಇಳಿಯೋದಕ್ಕಿಂತ ಅದು ವಾಸಿ. ನನ್ನ ಪಕ್ಕ ಕೂರೋ ಅಕ್ಕ ಇದನ್ನ ಒಪ್ಪಲ್ಲ, ಆ ವಚನ ಬಂದಾಗ ಅವರು ಬಾಯಿ ಮುಚ್ಕೊಂಡು ಇರ್ತಾರೆ, ಅವರದ್ದೂ ಒಂದು ಪ್ರಾರ್ಥನೇನೇ.

ಭಾನುವಾರದ ಮ್ಯಾಟಿನ್ಸ್ ಈಗ ಇಲ್ಲಿ ಬಹಳ ಕಡೆ ನಿಂತ್ಹೋಗಿದೆ. ಇಪ್ಪತ್ತನೇ ಶತಮಾನದ ಮಧ್ಯದ ತನಕ ಎಷ್ಟೋ ಊರುಗಳಲ್ಲಿ ಭಾನುವಾರ ಬೆಳಗಿನ ಮುಖ್ಯ ಆರಾಧನೆ ಅದೇ ಆಗಿತ್ತು, ಆಮೇಲೆ ಕರ್ತನ ಭೋಜನ ಆ ಜಾಗಕ್ಕೆ ಬಂತು, ಅದು ಸರಿಯೇ. ಸಂಜೆ ಪ್ರಾರ್ಥನೆಗೆ ಕೆಥೀಡ್ರಲ್‌ಗಳ ಗಾಯಕರಿದ್ದಾರೆ, ಬಿಬಿಸಿ 1926ರಿಂದ ರೇಡಿಯೋದಲ್ಲಿ ಪ್ರಸಾರ ಮಾಡ್ತಿದೆ, ಟೂರಿಸ್ಟುಗಳೂ ಬಂದು ಕೂರ್ತಾರೆ. ಬೆಳಗಿನದಕ್ಕೆ ಅದ್ಯಾವುದೂ ಇಲ್ಲ. ಕೆಲಸಕ್ಕೆ ಹೋಗೋರು, ಕೆಲಸದಿಂದ ಬಂದವರು, ರಿಟೈರ್ ಆದವರು, ಅಷ್ಟೇ ಜನ. ನಂಗೇನೋ ಅದು ಕಮ್ಮಿ ಅನ್ಸಲ್ಲ, ಆದ್ರೆ ಇನ್ನೂ ಇಬ್ಬರು ಮೂವರು ಬಂದ್ರೆ ಖುಷಿ.

ಊರಲ್ಲಿರೋ ನಮ್ಮ ಸಭೆಯವರು ಕೆಲವರು ಕೇಳಿದ್ರು, ಇದನ್ನ ಮನೇಲಿ ಹೇಗೆ ಶುರು ಮಾಡೋದು ಅಂತ. ಇಂಗ್ಲಿಷ್ ಪುಸ್ತಕ ಏನೂ ಬೇಡ. ನಿಮ್ಮ ಕನ್ನಡ ಬೈಬಲ್ಲೇ ಸಾಕು, ಕೀರ್ತನೆಗಳ ನಂಬರ್ ಎರಡರಲ್ಲೂ ಒಂದೇ. 1ನೇ ತಾರೀಕು ಬೆಳಗ್ಗೆ 1ರಿಂದ 5, ಸಂಜೆ 6ರಿಂದ 8, 2ಕ್ಕೆ ಬೆಳಗ್ಗೆ 9ರಿಂದ 11, ಹೀಗೇ ಹೋಗುತ್ತೆ, 119ನೇದು ಉದ್ದ ಇರೋದ್ರಿಂದ 24ರ ಸಂಜೆಯಿಂದ 26ರ ಸಂಜೆ ತನಕ ಹಂಚಿದ್ದಾರೆ. ಬಾಯಿಬಿಟ್ಟು ಓದಿ, ಮನೇಲಿ ಇನ್ನೊಬ್ಬರಿದ್ರೆ ಒಂದೊಂದು ವಚನ ಹಂಚ್ಕೊಳ್ಳಿ, ಮಧ್ಯೆ ನಿಲ್ಸಿ. ಆಮೇಲೆ ಒಂದು ಸುವಾರ್ತೆಯ ಭಾಗ, ಕರ್ತನ ಪ್ರಾರ್ಥನೆ, ನಿಮ್ಮ ಬೀದಿಯವರ ಹೆಸರು. ಒಂದು ದಿನ ತಪ್ಪಿದ್ರೆ ಆ ಬಾಕಿ ತೀರಿಸೋಕೆ ಹೋಗ್ಬೇಡಿ, ಇದರಲ್ಲಿ ಬಾಕಿ ಅನ್ನೋದಿಲ್ಲ, ನೀವು ಬರದ ದಿನ ಆ ಕೀರ್ತನೆಯನ್ನ ಬೇರೆ ಯಾರೋ ಎಲ್ಲೋ ಓದಿರ್ತಾರೆ, ನೀವು ಇವತ್ತಿನ ತಾರೀಕಿಂದೇ ತಗೊಳ್ಳಿ. 31ನೇ ತಾರೀಕು ಬಂದ್ರೆ 30ರದ್ದನ್ನೇ ಇನ್ನೊಂದ್ಸಲ ಓದಿ, ಹಾಗಂತ ಪುಸ್ತಕದಲ್ಲೇ ಹೇಳಿದ್ದಾರೆ.